ಆರೋಗ್ಯ ಕರ್ನಾಟಕ ಯೋಜನೆ: 5 ಲಕ್ಷಕ್ಕಿಂತ ದೊಡ್ಡದು ಒಂದು ರೆಫರಲ್ ಪತ್ರ

ಕುಟುಂಬಗಳ ಆಸ್ಪತ್ರೆ ವೆಚ್ಚ ಭರಿಸುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಫಲಕಗಳಲ್ಲಿ ಎದ್ದು ಕಾಣುವುದು ‘ವರ್ಷಕ್ಕೆ 5 ಲಕ್ಷ ರೂಪಾಯಿ’. ಆಸ್ಪತ್ರೆಯ ಕೌಂಟರಿನ ಮುಂದೆ ನಿಂತಾಗ ಎಲ್ಲವೂ ತೀರ್ಮಾನವಾಗುವುದು ಬೇರೆ ಎರಡು ಕಾಗದಗಳ ಮೇಲೆ: ಮನೆಯ ಪಡಿತರ ಚೀಟಿ ಮತ್ತು ಸರ್ಕಾರಿ ವೈದ್ಯರು ಬರೆದುಕೊಟ್ಟ ರೆಫರಲ್ ಪತ್ರ. ಇವೆರಡೂ ಸರಿಯಿದ್ದರೆ ಈ ಯೋಜನೆ ದೇಶದ ಯಾವ ರಾಜ್ಯದ ಯೋಜನೆಗೂ ಕಡಿಮೆಯಿಲ್ಲ. ಒಂದು ತಪ್ಪಿದರೂ ಆ 5 ಲಕ್ಷ ಫಲಕದಲ್ಲೇ ಉಳಿಯುತ್ತದೆ. ಹಾಗಾಗಿ ಈ ವಿಮರ್ಶೆಯಲ್ಲಿ ಮೊತ್ತದ ಮಾತು ಕಡಿಮೆ, ದಾರಿಯ ಮಾತು ಹೆಚ್ಚು.

ಮೊದಲಿಗೆ, ಇದನ್ನು ವಿಮೆ ಎಂದು ಕರೆಯುವುದು ರೂಢಿಯಾದರೂ ನಡುವೆ ವಿಮಾ ಕಂಪನಿ ಇಲ್ಲ, ಪ್ರೀಮಿಯಂ ಕಟ್ಟುವವರೂ ಇಲ್ಲ. 2009ರಲ್ಲಿ ರಾಜ್ಯ ಸರ್ಕಾರ ಸ್ಥಾಪಿಸಿದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಆಸ್ಪತ್ರೆಗಳ ಜೊತೆ ಒಪ್ಪಂದ ಮಾಡಿಕೊಳ್ಳುತ್ತದೆ, ಪ್ರತಿ ಚಿಕಿತ್ಸೆಗೆ ಒಂದು ಪ್ಯಾಕೇಜ್ ದರ ನಿಗದಿ ಮಾಡುತ್ತದೆ, ಚಿಕಿತ್ಸೆ ಮುಗಿದ ಮೇಲೆ ಆಸ್ಪತ್ರೆಗೆ ನೇರವಾಗಿ ಹಣ ಕೊಡುತ್ತದೆ. ರೋಗಿಗೆ ಇದರಿಂದ ದೊಡ್ಡ ಅನುಕೂಲವಿದೆ. ಖಾಸಗಿ ಪಾಲಿಸಿಗಳಲ್ಲಿರುವ ಕಾಯುವ ಅವಧಿ ಇಲ್ಲಿಲ್ಲ, ಹಳೆಯ ಕಾಯಿಲೆ ಎಂಬ ಕಾರಣಕ್ಕೆ ತಿರಸ್ಕಾರವಿಲ್ಲ, ವಯಸ್ಸಿನ ಮಿತಿಯಿಲ್ಲ, ಮನೆಯಲ್ಲಿ ಎಷ್ಟು ಜನರಿದ್ದರೂ ಸರಿ. ಅನನುಕೂಲವೂ ಅಲ್ಲಿಂದಲೇ ಬರುತ್ತದೆ: ಬಜೆಟ್ ಹಣ ಬಿಡುಗಡೆ ತಡವಾದರೆ ಆಸ್ಪತ್ರೆಗಳ ಬಿಲ್ ಬಾಕಿ ಉಳಿಯುತ್ತದೆ, ಬಾಕಿ ಉಳಿದ ಆಸ್ಪತ್ರೆಯಲ್ಲಿ ಯೋಜನೆಯ ರೋಗಿಗೆ ‘ಬೆಡ್ ಖಾಲಿಯಿಲ್ಲ’ ಎಂಬ ಉತ್ತರ ಸಿಗುವುದು ಹೆಚ್ಚಾಗುತ್ತದೆ.

2018ಕ್ಕೆ ಮೊದಲು ಪರಿಸ್ಥಿತಿ ಇನ್ನೂ ಗೊಂದಲದ್ದಾಗಿತ್ತು. ಬಿಪಿಎಲ್ ಕುಟುಂಬಗಳಿಗೆ ವಾಜಪೇಯಿ ಆರೋಗ್ಯಶ್ರೀ, ಎಪಿಎಲ್‌ನವರಿಗೆ ರಾಜೀವ್ ಆರೋಗ್ಯ ಭಾಗ್ಯ, ಸಹಕಾರ ಸಂಘಗಳ ರೈತರಿಗೆ ಯಶಸ್ವಿನಿ, ಅಪಘಾತಕ್ಕೆ ಹರೀಶ್ ಸಾಂತ್ವನ, ಇವುಗಳ ಮೇಲೆ ಕೇಂದ್ರದ ಬಡವರ ಆರೋಗ್ಯ ವಿಮೆ ಆರ್‌ಎಸ್‌ಬಿವೈ. ಒಂದೊಂದಕ್ಕೂ ಬೇರೆ ಕಾರ್ಡು, ಬೇರೆ ಮಿತಿ, ಬೇರೆ ಆಸ್ಪತ್ರೆಗಳ ಪಟ್ಟಿ. 2018ರ ಮಾರ್ಚ್ 2ರಂದು ಆರೋಗ್ಯ ಕರ್ನಾಟಕ ಹೆಸರಿನಲ್ಲಿ ಇವನ್ನೆಲ್ಲ ಒಂದೇ ಸೂರಿನಡಿ ತರುವ ಕೆಲಸ ಆರಂಭವಾಯಿತು. ಅದೇ ವರ್ಷ ಅಕ್ಟೋಬರ್ ಕೊನೆಗೆ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿತು.

ಇಲ್ಲಿ ರಾಜ್ಯ ಮಾಡಿದ ಒಳ್ಳೆಯ ಕೆಲಸವೊಂದನ್ನು ಹೇಳಲೇಬೇಕು. ಕೇಂದ್ರದ ಫಲಾನುಭವಿ ಪಟ್ಟಿ 2011ರ ಸಾಮಾಜಿಕ–ಆರ್ಥಿಕ ಸಮೀಕ್ಷೆಯದು, ಅದರಲ್ಲಿದ್ದ ಕರ್ನಾಟಕದ ಕುಟುಂಬಗಳು ಸುಮಾರು 62 ಲಕ್ಷ. ಅವರ ಚಿಕಿತ್ಸೆಯ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ 60:40ರ ಲೆಕ್ಕದಲ್ಲಿ ಹಂಚಿಕೊಳ್ಳುತ್ತವೆ. ರಾಜ್ಯ ಅಷ್ಟಕ್ಕೇ ನಿಲ್ಲಿಸದೆ, ಆಹಾರ ಭದ್ರತಾ ಕಾಯ್ದೆಯಡಿ ಬಿಪಿಎಲ್ ಪಡಿತರ ಚೀಟಿ ಇರುವ ಎಲ್ಲ ಕುಟುಂಬಗಳಿಗೂ ಅದೇ 5 ಲಕ್ಷ ಕೊಟ್ಟಿತು, ಪಟ್ಟಿಯಲ್ಲಿ ಇಲ್ಲದವರ ಪೂರ್ತಿ ವೆಚ್ಚವನ್ನು ತಾನೇ ಹೊತ್ತುಕೊಂಡಿತು. ಸಮೀಕ್ಷೆಯ ದಿನ ಮನೆಗೆ ಬೀಗ ಹಾಕಿತ್ತು ಎಂಬಷ್ಟಕ್ಕೇ ಹೊರಗುಳಿಯಬೇಕಿದ್ದ ಬಡವರು ಒಳಗೆ ಬಂದದ್ದು ಈ ಒಂದು ನಿರ್ಧಾರದಿಂದ.

ಇನ್ನು ಯೋಜನೆಯ ಬೆನ್ನೆಲುಬಾದ ಕೋಡ್‌ಗಳು. ಒಟ್ಟು 1650 ಚಿಕಿತ್ಸೆಗಳೊಂದಿಗೆ ರೂಪಿಸಿದ ಪಟ್ಟಿ ಇದು. 2ಎ ಎಂದರೆ ಸರಳ ದ್ವಿತೀಯ ಹಂತದ 291 ಚಿಕಿತ್ಸೆಗಳು, ಇವು ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರ. 2ಬಿ ಎಂದರೆ ಸಂಕೀರ್ಣ ದ್ವಿತೀಯ ಹಂತದ 254. 3ಎ ಎಂದರೆ ಬೈಪಾಸ್, ಕ್ಯಾನ್ಸರ್ ಕಿಮೊಥೆರಪಿಯಂಥ ತೃತೀಯ ಹಂತದ 900. ಇವೆರಡಕ್ಕೂ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಸೌಲಭ್ಯವಿಲ್ಲದಿದ್ದರೆ ರೆಫರಲ್ ಪತ್ರ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. 4ಎ ಎಂದರೆ ತುರ್ತು ಚಿಕಿತ್ಸೆಗಳು, 169. ಇವಕ್ಕೆ ರೆಫರಲ್ ಬೇಡ, ಹತ್ತಿರದ ನೋಂದಾಯಿತ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಉಳಿದ 36 ಬೇರೆ ಬಗೆಯವು. ಪಟ್ಟಿ ಆಗಾಗ ಪರಿಷ್ಕರಣೆಯಾಗುತ್ತದೆ. ವಿಂಗಡಣೆಯ ತರ್ಕ ಮಾತ್ರ ಇದೇ.

ಸರ್ಕಾರಿ ಆಸ್ಪತ್ರೆಗೇ ಮೊದಲು ಹೋಗಿ ಎನ್ನುವುದನ್ನು ಹಲವರು ಕಿರುಕುಳ ಎಂದುಕೊಳ್ಳುತ್ತಾರೆ. ಕಾರಣ ತಿಳಿದರೆ ಆ ನಿಯಮವನ್ನು ಪೂರ್ತಿ ತೆಗೆದುಹಾಕಿ ಎನ್ನುವುದು ಕಷ್ಟ. ಆರ್‌ಎಸ್‌ಬಿವೈ ಕಾಲದಲ್ಲಿ, 2012ರಲ್ಲಿ, ಛತ್ತೀಸ್‌ಗಢದ ಖಾಸಗಿ ಆಸ್ಪತ್ರೆಗಳಲ್ಲಿ ಕಾರ್ಡಿನ ಹಣಕ್ಕಾಗಿ ಅನಗತ್ಯವಾಗಿ ಗರ್ಭಕೋಶ ತೆಗೆದ ಪ್ರಕರಣಗಳು ಬಯಲಿಗೆ ಬಂದವು. ಸುಲಭದ ಶಸ್ತ್ರಚಿಕಿತ್ಸೆಗಳನ್ನು ಸರ್ಕಾರಿ ಆಸ್ಪತ್ರೆಗೆ ಮೀಸಲಿಟ್ಟರೆ ಆ ಆಮಿಷ ತಗ್ಗುತ್ತದೆ. ಇನ್ನೊಂದು ಲಾಭವೂ ಇದೆ. ಸರ್ಕಾರಿ ಆಸ್ಪತ್ರೆಯೂ ಪ್ಯಾಕೇಜ್ ಹಣವನ್ನು ಕ್ಲೇಮ್ ಮಾಡುತ್ತದೆ, ಅದು ಆ ಆಸ್ಪತ್ರೆಯ ಉಪಕರಣ, ಔಷಧಕ್ಕೆ ಒದಗುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಸರ್ಜನ್, ಅರಿವಳಿಕೆ ತಜ್ಞ ಇಬ್ಬರೂ ಇದ್ದ ಕಡೆ ಈ ವ್ಯವಸ್ಥೆ ಚೆನ್ನಾಗಿ ಓಡುತ್ತದೆ. ಅರಿವಳಿಕೆ ತಜ್ಞರ ಹುದ್ದೆ ಖಾಲಿಯಿರುವ ಕಡೆ 2ಎ ರೋಗಿ ಜಿಲ್ಲಾಸ್ಪತ್ರೆಗೆ ಅಲೆಯಬೇಕು. ಹತ್ತಿರದ ಖಾಸಗಿ ನರ್ಸಿಂಗ್ ಹೋಂನಲ್ಲಿ ಅದೇ ಶಸ್ತ್ರಚಿಕಿತ್ಸೆ ನಡೆಯುತ್ತಿದ್ದರೂ ಯೋಜನೆಯಡಿ ಆಗುವುದಿಲ್ಲ. ಯೋಜನೆಯಲ್ಲಿ ಮೊದಲು ಸರಿಯಾಗಬೇಕಾದದ್ದು ಇದು: ತಜ್ಞರ ಹುದ್ದೆ ಖಾಲಿಯಿರುವ ತಾಲ್ಲೂಕುಗಳಲ್ಲಿ 2ಎ ಚಿಕಿತ್ಸೆಗೂ ರೆಫರಲ್‌ಗೆ ಅವಕಾಶ ಕೊಡಬೇಕು, ಹುದ್ದೆ ತುಂಬಿದ ದಿನ ಅದನ್ನು ಹಿಂಪಡೆಯಬೇಕು.

ಈಗ ರೆಫರಲ್ ಪತ್ರವನ್ನೇ ಕೈಯಲ್ಲಿ ಹಿಡಿದು ನೋಡೋಣ. ಸರಿಯಾದ ಪತ್ರದಲ್ಲಿ ರೋಗಿಯ ಹೆಸರು ಆಧಾರ್‌ನಲ್ಲಿ ಇರುವಂತೆಯೇ ಇರಬೇಕು, ಒಪಿಡಿ ಸಂಖ್ಯೆ, ದಿನಾಂಕ, ರೋಗನಿರ್ಣಯ, ಬೇಕಾದ ಚಿಕಿತ್ಸೆ ಅಥವಾ ತಜ್ಞ ವಿಭಾಗ, ‘ಇಲ್ಲಿ ಈ ಸೌಲಭ್ಯ ಲಭ್ಯವಿಲ್ಲ’ ಎಂಬ ಸ್ಪಷ್ಟ ಕಾರಣ, ವೈದ್ಯರ ಸಹಿ ಮತ್ತು ಮೊಹರು ಇರಬೇಕು. ಹೆಚ್ಚು ತೊಂದರೆಯಾಗುವುದು ರೋಗನಿರ್ಣಯದ ಸಾಲಿನಲ್ಲಿ. ‘ಎದೆನೋವು, ಮುಂದಿನ ಚಿಕಿತ್ಸೆಗಾಗಿ’ ಎಂದಷ್ಟೇ ಬರೆದಿದ್ದರೆ ಖಾಸಗಿ ಆಸ್ಪತ್ರೆ ಚಿಕಿತ್ಸೆಗೆ ಮೊದಲು ಟ್ರಸ್ಟ್‌ಗೆ ಕಳಿಸುವ ಪೂರ್ವಾನುಮತಿ ಕೋರಿಕೆಯಲ್ಲಿರುವ ಕೋಡ್‌ಗೂ ಇದಕ್ಕೂ ತಾಳೆಯಾಗದು. ಟ್ರಸ್ಟ್‌ನ ವೈದ್ಯರು ಪ್ರಶ್ನೆ ಹಾಕಿ ವಾಪಸ್ ಕಳಿಸುತ್ತಾರೆ, ರೋಗಿ ಮತ್ತೆ ಊರಿನ ಬಸ್ ಹತ್ತಬೇಕು. ಇಸಿಜಿ, ಸ್ಕ್ಯಾನ್, ಬಯಾಪ್ಸಿ ವರದಿ ಕೈಯಲ್ಲಿದ್ದರೆ ಅದರಲ್ಲಿರುವ ಪದವನ್ನೇ ಪತ್ರದಲ್ಲಿ ಬರೆಸಿಕೊಳ್ಳಿ. ಎರಡು ತೊಂದರೆ ಇದ್ದರೆ, ಉದಾಹರಣೆಗೆ ಹೃದಯ ಮತ್ತು ಮೂತ್ರಪಿಂಡ, ಎರಡನ್ನೂ ನಮೂದಿಸಲು ಕೇಳಿ. ಕೌಂಟರ್ ಬಿಡುವ ಮೊದಲು ಪತ್ರದ ಫೋಟೊ ತೆಗೆದುಕೊಳ್ಳಿ.

ಯಾವ ಆಸ್ಪತ್ರೆಗೆ ಹೋಗಬೇಕು ಎನ್ನುವುದು ರೋಗಿಯ ಆಯ್ಕೆ. ಒಂದೇ ಆಸ್ಪತ್ರೆಯ ಹೆಸರು ಹೇಳಿ ಅಲ್ಲಿಗೇ ಹೋಗಿ ಎಂದು ಒತ್ತಾಯ ಮಾಡಿದರೆ ಒಪ್ಪಬೇಕಿಲ್ಲ. ಆದರೆ ಆಯ್ಕೆ ಮಾಡುವ ಮುನ್ನ ಒಂದು ಮಾತು: ಆಸ್ಪತ್ರೆಗಳ ನೋಂದಣಿ ವಿಭಾಗವಾರು ಇರುತ್ತದೆ. ಹೃದ್ರೋಗಕ್ಕೆ ನೋಂದಾಯಿತವಾದ ಆಸ್ಪತ್ರೆ ಮೂಳೆ ಶಸ್ತ್ರಚಿಕಿತ್ಸೆಗೆ ನೋಂದಾಯಿತವಾಗಿರಬೇಕೆಂದಿಲ್ಲ. ‘ನಿಮ್ಮಲ್ಲಿ ಆಯುಷ್ಮಾನ್ ಇದೆಯಾ’ ಎಂದು ಕೇಳಿದರೆ ‘ಇದೆ’ ಎನ್ನುತ್ತಾರೆ. ‘ಈ ವಿಭಾಗಕ್ಕೆ, ಈ ಚಿಕಿತ್ಸೆಗೆ ಇದೆಯಾ’ ಎಂದೇ ಕೇಳಬೇಕು. ಹೊರಡುವ ಮುನ್ನ 104ಕ್ಕೆ ಕರೆ ಮಾಡಿ ವಿಚಾರಿಸಿದರೆ ಒಂದು ದಿನ ಉಳಿಯುತ್ತದೆ. ಜಯದೇವ, ಕಿದ್ವಾಯಿಯಂಥ ಸ್ವಾಯತ್ತ ಸಂಸ್ಥೆಗಳು ಸರ್ಕಾರಿ ವ್ಯವಸ್ಥೆಯ ಭಾಗ. ಹೃದಯ ಮತ್ತು ಕ್ಯಾನ್ಸರ್‌ ರೋಗಿಗಳು ಮೊದಲು ಇವುಗಳನ್ನು ಯೋಚಿಸುವುದು ಒಳ್ಳೆಯದು. ಜಯದೇವ ಬೆಂಗಳೂರಿನ ಹೊರತಾಗಿ ಮೈಸೂರು, ಕಲಬುರಗಿಯಲ್ಲೂ ಇದೆ.

ತುರ್ತಿನಲ್ಲಿ ಈ ಯೋಜನೆ ಅತ್ಯುತ್ತಮವಾಗಿ ಕೆಲಸ ಮಾಡುತ್ತದೆ, ಆದರೆ ಅಲ್ಲಿಯೇ ಜನ ಹೆಚ್ಚು ಹಣ ಕಳೆದುಕೊಳ್ಳುವುದೂ ಉಂಟು. ಹೃದಯಾಘಾತವಾದ ರೋಗಿಯನ್ನು ಖಾಸಗಿ ಆಸ್ಪತ್ರೆಗೆ ಸೇರಿಸಿದ ಕೂಡಲೇ ಮನೆಯವರು ಗಾಬರಿಯಲ್ಲಿ ಮುಂಗಡ ಕಟ್ಟಿಬಿಡುತ್ತಾರೆ, ಕಾರ್ಡ್ ತೋರಿಸುವುದು ಮೂರನೆಯ ದಿನ. ಈ ಯೋಜನೆ ನಗದುರಹಿತ. ಕಟ್ಟಿದ ಹಣವನ್ನು ಆಮೇಲೆ ಬಿಲ್ ಕೊಟ್ಟು ಟ್ರಸ್ಟ್‌ನಿಂದ ವಾಪಸ್ ಪಡೆಯುವ ಪಾಲಿಸಿಯಂತೆ ಇದನ್ನು ನಂಬಿಕೊಳ್ಳಬೇಡಿ. ಆದ್ದರಿಂದ ದಾಖಲಾದ ಮೊದಲ ಗಂಟೆಯಲ್ಲೇ ಒಬ್ಬರು ರೋಗಿಯ ಜೊತೆ ಇರಲಿ, ಇನ್ನೊಬ್ಬರು ಆರೋಗ್ಯಮಿತ್ರರ (ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರ) ಡೆಸ್ಕಿಗೆ ಹೋಗಲಿ. ಕೇಳಬೇಕಾದ ಪ್ರಶ್ನೆ ಒಂದೇ: ‘4ಎ ಕೋಡ್‌ನಲ್ಲಿ ಪೂರ್ವಾನುಮತಿ ಕಳಿಸಿದ್ದೀರಾ, ಅದರ ಸಂಖ್ಯೆ ಏನು?’ ಕಾರ್ಡ್ ಕೈಯಲ್ಲಿ ಇಲ್ಲದಿದ್ದರೂ ಪಡಿತರ ಚೀಟಿ ಮತ್ತು ಆಧಾರ್ ಸಂಖ್ಯೆ ಸಾಕು, ಆಸ್ಪತ್ರೆಯಲ್ಲೇ ನೋಂದಣಿ ಆಗುತ್ತದೆ. ಡಿಸ್ಚಾರ್ಜ್ ಆದಮೇಲೆ ಮಾತ್ರ ಏನೂ ಆಗದು.

ಹಳ್ಳಿಯಲ್ಲಿರುವವರು ಎದೆನೋವಿಗೆ ಮೊದಲು ತಾಲ್ಲೂಕು ಆಸ್ಪತ್ರೆಗೇ ಓಡುವುದು ಜಾಣತನ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಸೇರಿದ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಇದು ಹತ್ತಾರು ಸಾವಿರದ ಔಷಧಿ. ಮೂರು ಗಂಟೆ ಪ್ರಯಾಣಿಸಿ ದೊಡ್ಡ ಆಸ್ಪತ್ರೆ ಸೇರಿ ಸ್ಟೆಂಟ್ ಹಾಕಿಸಿಕೊಳ್ಳುವುದಕ್ಕಿಂತ ಮೊದಲು ಈ ಚುಚ್ಚುಮದ್ದು ಸಿಗುವುದು ಹೃದಯದ ಸ್ನಾಯುವನ್ನು ಉಳಿಸುತ್ತದೆ. ಅಲ್ಲಿಂದ ಮುಂದೆ ಕಳಿಸುವಾಗ ಪತ್ರವೂ ಜೊತೆಗೇ ಬರುತ್ತದೆ.

ದಾಖಲಾದ ಮೇಲೆ ಹೆಚ್ಚುವರಿ ಹಣ ಕೇಳುವುದು ಈ ಯೋಜನೆಯ ಹಳೆಯ ರೋಗ. ಪ್ಯಾಕೇಜ್ ಎಂದರೆ ವಾರ್ಡಿನ ಹಾಸಿಗೆ, ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸೆ, ಔಷಧಿ, ಪರೀಕ್ಷೆ, ರೋಗಿಯ ಊಟ ಎಲ್ಲವೂ ಸೇರಿದ್ದು. ರಾಷ್ಟ್ರೀಯ ನಿಯಮದ ಪ್ರಕಾರ ದಾಖಲಾಗುವ ಮುಂಚಿನ 3 ದಿನ ಮತ್ತು ಡಿಸ್ಚಾರ್ಜ್ ನಂತರದ 15 ದಿನಗಳ ಔಷಧಿ, ತಪಾಸಣೆಯೂ ಇದರೊಳಗೇ. ಆದರೂ ‘ಇದು ಯೋಜನೆಯ ಸ್ಟೆಂಟ್, ಒಳ್ಳೆಯದು ಬೇಕಾದರೆ ವ್ಯತ್ಯಾಸ ಕಟ್ಟಿ’ ಎಂಬ ಮಾತು ಬರುತ್ತದೆ. 2017ರ ಫೆಬ್ರುವರಿಯಿಂದ ಔಷಧ ಲೇಪಿತ ಸ್ಟೆಂಟ್‌ಗಳಿಗೆ ಕೇಂದ್ರವೇ ಗರಿಷ್ಠ ಬೆಲೆ ನಿಗದಿ ಮಾಡಿದೆ, ಆಗ ಅದು 29,600 ರೂಪಾಯಿ, ಈಚೆಗೆ ಹೆಚ್ಚಾಗಿದ್ದರೂ ನಿಯಂತ್ರಣದಲ್ಲೇ ಇದೆ. ಸ್ಟೆಂಟ್ ಹೆಸರಿನಲ್ಲಿ ಲಕ್ಷದ ವ್ಯತ್ಯಾಸ ಕೇಳಲು ಆಧಾರವೇ ಇಲ್ಲ. ನಿಜವಾಗಿ ಪ್ಯಾಕೇಜಿನ ಹೊರಗೆ ಬರುವುದು ಖಾಸಗಿ ಕೊಠಡಿ ಬೇಕೆಂದಾಗ ಅದರ ಖರ್ಚು, ಮತ್ತು ಜೊತೆಗಿರುವವರ ಊಟ–ವಸತಿ. ಈ ಕೊನೆಯದು ಸಣ್ಣದಲ್ಲ. ರೇಡಿಯೊಥೆರಪಿಗೆ ವಾರಗಟ್ಟಲೆ ಬೆಂಗಳೂರಿನಲ್ಲಿ ಇರಬೇಕಾದ ಬೀದರ್ ಅಥವಾ ಕಾರವಾರದ ಕುಟುಂಬಕ್ಕೆ ಚಿಕಿತ್ಸೆ ಉಚಿತವಾದರೂ ಬಾಡಿಗೆ, ಊಟ, ಬಿಟ್ಟುಹೋದ ಕೂಲಿ ಸೇರಿ ಸಾಲವಾಗುತ್ತದೆ. ಯೋಜನೆ ಇದರ ಬಗ್ಗೆ ಯೋಚಿಸಲೇಬೇಕು.

ಖಾಸಗಿ ಆಸ್ಪತ್ರೆಗಳ ದೂರಿನಲ್ಲೂ ಸತ್ಯವಿದೆ. ದರಗಳು ವರ್ಷಗಟ್ಟಲೆ ಹಾಗೇ ನಿಂತಿರುತ್ತವೆ, ಸಿಬ್ಬಂದಿ ಸಂಬಳ, ಔಷಧಿ ಬೆಲೆ ನಿಲ್ಲುವುದಿಲ್ಲ. ಕೈಗೆ ಸಾಲದ ಪ್ಯಾಕೇಜ್ ಇದ್ದ ಕಡೆ ಆಸ್ಪತ್ರೆ ಒಂದೋ ರೋಗಿಯನ್ನು ತಿರಸ್ಕರಿಸುತ್ತದೆ, ಇಲ್ಲವೇ ಅಡ್ಡದಾರಿಯಲ್ಲಿ ವಸೂಲಿ ಮಾಡುತ್ತದೆ. ಎರಡೂ ರೋಗಿಯ ತಲೆಯ ಮೇಲೇ ಬೀಳುತ್ತವೆ. ಗೊತ್ತಾದ ಅವಧಿಗೊಮ್ಮೆ ದರ ಪರಿಷ್ಕರಣೆ ಮತ್ತು ಕಾಲಮಿತಿಯ ಪಾವತಿ, ಇವೆರಡಿಲ್ಲದೆ ಮಿತಿಯನ್ನು 5ರಿಂದ 10 ಲಕ್ಷಕ್ಕೆ ಏರಿಸಿದರೂ ಪ್ರಯೋಜನವಿಲ್ಲ.

ಬಿಪಿಎಲ್ ಅಲ್ಲದ ಕುಟುಂಬಗಳ ವಿಚಾರಕ್ಕೆ ಬಂದರೆ ಅಂಕ ಇಳಿಯುತ್ತದೆ. ಅವರಿಗೆ ಸಿಗುವುದು ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಗರಿಷ್ಠ 1.5 ಲಕ್ಷ. ಲೆಕ್ಕ ಹಾಕಿ ನೋಡಿ. ಪ್ಯಾಕೇಜ್ ದರ 1 ಲಕ್ಷ, ಖಾಸಗಿ ಆಸ್ಪತ್ರೆಯ ಬಿಲ್ 1.8 ಲಕ್ಷ ಎಂದುಕೊಳ್ಳೋಣ. ಸರ್ಕಾರ ಕೊಡುವುದು 30,000, ಏಕೆಂದರೆ ಶೇ 30 ಲೆಕ್ಕವಾಗುವುದು ಪ್ಯಾಕೇಜ್ ದರದ ಮೇಲೆ, ಬಿಲ್ಲಿನ ಮೇಲಲ್ಲ. ಮನೆಯವರ ಪಾಲು 1.5 ಲಕ್ಷ. ಇನ್ನು ಸರ್ಕಾರದ ಗರಿಷ್ಠ ಮಿತಿಯಾದ 1.5 ಲಕ್ಷದ ಪೂರ್ತಿ ನೆರವು ಸಿಗಬೇಕಾದರೆ ಒಂದೇ ವರ್ಷದಲ್ಲಿ 5 ಲಕ್ಷದ ಪ್ಯಾಕೇಜ್‌ಗಳು ಬೇಕು. ಇದನ್ನು ರಿಯಾಯಿತಿ ಎನ್ನಬಹುದು, ರಕ್ಷಣೆ ಎನ್ನಲಾಗದು. ತಿಂಗಳಿಗೆ 25,000 ದುಡಿಯುವ ಅಂಗಡಿ ಗುಮಾಸ್ತ, ನೌಕರರ ವಿಮೆಯಾದ ಇಎಸ್‌ಐನ 21,000ದ ಮಿತಿ ದಾಟಿದವನು, ಬಿಪಿಎಲ್‌ನ ವಾರ್ಷಿಕ 1.2 ಲಕ್ಷದ ಆದಾಯ ಮಿತಿಯನ್ನೂ ದಾಟಿದವನು, ಎರಡೂ ಕಡೆ ಹೊರಗೆ.

ರಾಜಸ್ಥಾನ ಈ ನಡುವಿನ ವರ್ಗಕ್ಕೆ ಬೇರೆ ದಾರಿ ಹಿಡಿಯಿತು. 2021ರ ಮೇ 1ರಂದು ಆರಂಭವಾದ ಚಿರಂಜೀವಿ ಯೋಜನೆಯಲ್ಲಿ ಉಚಿತ ಪಟ್ಟಿಯಲ್ಲಿ ಇಲ್ಲದ ಕುಟುಂಬ ವರ್ಷಕ್ಕೆ 850 ರೂಪಾಯಿ ಕಟ್ಟಿದರೆ ಬಡ ಕುಟುಂಬಕ್ಕಿದ್ದ ಅದೇ ಪೂರ್ಣ ಸೌಲಭ್ಯ. ಕರ್ನಾಟಕಕ್ಕೆ ಇದು ಹೊಸ ಕಲ್ಪನೆಯೂ ಅಲ್ಲ. 2003ರಲ್ಲೇ ಯಶಸ್ವಿನಿ ಇದೇ ತತ್ವದ ಮೇಲೆ ನಿಂತಿತ್ತು. 2018ರಲ್ಲಿ ವಿಲೀನವಾಗಿ ಮರೆಯಾದ ಅದು 2022–23ರಲ್ಲಿ ಮರುಜೀವ ಪಡೆದಾಗ ಗ್ರಾಮೀಣ ಸಹಕಾರ ಸಂಘದ ಸದಸ್ಯರಿಗೆ ನಾಲ್ವರ ಕುಟುಂಬಕ್ಕೆ 500 ರೂಪಾಯಿ, ನಗರದವರಿಗೆ 1000 ರೂಪಾಯಿ, ಪರಿಶಿಷ್ಟ ಜಾತಿ–ಪಂಗಡದವರಿಗೆ ಉಚಿತ, ರಕ್ಷಣೆ 5 ಲಕ್ಷದವರೆಗೆ. ಎಪಿಎಲ್ ಚೀಟಿಯ ರೈತ ಕುಟುಂಬ ಆರೋಗ್ಯ ಕರ್ನಾಟಕದ ಶೇ 30 ನೆಚ್ಚಿಕೊಂಡು ಕೂರುವುದಕ್ಕಿಂತ ಹಾಲಿನ ಡೇರಿ ಅಥವಾ ಕೃಷಿ ಪತ್ತಿನ ಸಂಘದ ಮೂಲಕ ಯಶಸ್ವಿನಿಗೆ ಸೇರುವುದು ಎಷ್ಟೋ ಮೇಲು. ನೋಂದಣಿಗೆ ಪ್ರತಿ ವರ್ಷ ಸೀಮಿತ ಅವಧಿ ಇರುತ್ತದೆ, ಕಾಯಿಲೆ ಬಂದಮೇಲೆ ಸೇರಲು ಹೋದರೆ ಬಾಗಿಲು ಮುಚ್ಚಿರುತ್ತದೆ. ಸಂಘದ ಕಾರ್ಯದರ್ಶಿಯನ್ನು ಈಗಲೇ ಕೇಳಿಟ್ಟುಕೊಳ್ಳಿ. ಸಂಘಗಳಿಗೆ ಸೇರದ ಆಟೊ ಚಾಲಕರು, ಸಣ್ಣ ವ್ಯಾಪಾರಿಗಳಿಗೂ ಇಂಥ ಕಟ್ಟಿ–ಸೇರುವ ದಾರಿ ತೆರೆದರೆ ರಾಜ್ಯದ ಸುಧಾರಣೆ ಅರ್ಧಕ್ಕೆ ನಿಂತದ್ದು ಪೂರ್ತಿಯಾದೀತು.

ಪಡಿತರ ಚೀಟಿಗೆ ಆರೋಗ್ಯವನ್ನು ಕಟ್ಟಿಹಾಕಿರುವುದರ ಅಪಾಯ 2024ರ ನವೆಂಬರ್‌ನಲ್ಲಿ ಎಲ್ಲರಿಗೂ ಕಂಡಿತು. ಅನರ್ಹರನ್ನು ಹುಡುಕುವ ಹೆಸರಿನಲ್ಲಿ ಬಿಪಿಎಲ್ ಚೀಟಿಗಳು ರದ್ದಾದವು, ಎಪಿಎಲ್‌ಗೆ ಬದಲಾದವು, ಕೂಗೆದ್ದ ಮೇಲೆ ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆದಾರರನ್ನು ಬಿಟ್ಟು ಉಳಿದವನ್ನು ಮರಳಿಸಲಾಯಿತು. ಅಕ್ಕಿ ಒಂದು ತಿಂಗಳು ತಡವಾಗಿ ಬಂದರೆ ಹೇಗೋ ನಡೆದೀತು. ಕಿಮೊಥೆರಪಿಯ ನಡುವೆ ಚೀಟಿಯ ಬಣ್ಣ ಬದಲಾದರೆ ನಡೆಯದು. ಚಿಕಿತ್ಸೆ ಆರಂಭವಾದ ದಿನದ ಅರ್ಹತೆಯೇ ಆ ಚಿಕಿತ್ಸೆ ಮುಗಿಯುವವರೆಗೆ ಉಳಿಯಬೇಕು ಎಂಬ ಸ್ಪಷ್ಟ ನಿಯಮ ಬೇಕು. ಅಲ್ಲಿಯವರೆಗೆ, ಮನೆಯಲ್ಲಿ ದೀರ್ಘಕಾಲದ ರೋಗಿ ಇದ್ದರೆ ಆಹಾರ ಇಲಾಖೆಯ ಜಾಲತಾಣದಲ್ಲಿ ಚೀಟಿಯ ಸ್ಥಿತಿಯನ್ನು ಆಗಾಗ ನೋಡಿಕೊಳ್ಳಿ. ಚೀಟಿ ಬದಲಾಗಿದ್ದರೂ 2011ರ ಪಟ್ಟಿಯಲ್ಲಿ ಹೆಸರಿದ್ದರೆ ಅರ್ಹತೆ ಉಳಿದಿರಬಹುದು, 14555ಕ್ಕೆ ಕರೆ ಮಾಡಿ ತಿಳಿದುಕೊಳ್ಳಿ.

ಕಾರ್ಡ್ ಮಾಡಿಸುವುದು ಈಗ ಸುಲಭ. ಆಯುಷ್ಮಾನ್ ಆ್ಯಪ್‌ನಲ್ಲಿ ಅಥವಾ ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರದಲ್ಲಿ ಆಧಾರ್ ಒಟಿಪಿ ಅಥವಾ ಬೆರಳಚ್ಚಿನ ಮೂಲಕ ಇ–ಕೆವೈಸಿ, ಫೋಟೊ, ಮೊಬೈಲ್ ಸಂಖ್ಯೆ, ಅಷ್ಟೆ. ಮನೆಯ ಪ್ರತಿಯೊಬ್ಬರಿಗೂ ಬೇರೆ ಕಾರ್ಡ್ ಬೇಕು, ಯಜಮಾನರದ್ದೊಂದಿದ್ದರೆ ಸಾಲದು. ತಡೆಯಾಗುವುದು ಹೆಸರುಗಳಲ್ಲಿ. ಆಧಾರ್‌ನಲ್ಲಿ ಇನಿಶಿಯಲ್ ಮುಂದೆ, ಪಡಿತರ ಚೀಟಿಯಲ್ಲಿ ಹಿಂದೆ. ಬಸವರಾಜ ಎಂಬ ಹೆಸರಿಗೆ ಇಂಗ್ಲಿಷಿನಲ್ಲಿ ಒಂದು ಕಡೆ ವಿ, ಇನ್ನೊಂದು ಕಡೆ ಡಬ್ಲ್ಯೂ. ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ ಚೀಟಿಯಲ್ಲಿ. ಹೊಂದಾಣಿಕೆ ಕಡಿಮೆ ಬಂದರೆ ಅರ್ಜಿ ಅನುಮೋದನೆಗೆ ಕಾದು ಕೂರುತ್ತದೆ. ಗರ್ಭಿಣಿ ಇರುವ ಮನೆಯವರು ಸೊಸೆಯ ಹೆಸರನ್ನು ಹೆರಿಗೆಗೆ ಮುಂಚೆಯೇ ಸೇರಿಸಬೇಕು, ನವಜಾತ ಶಿಶುವಿಗೆ ತೀವ್ರ ನಿಗಾ ಘಟಕ ಬೇಕಾದರೆ ತಾಯಿಯ ದಾಖಲೆಯೇ ಆಧಾರ.

ಸಕ್ಕರೆ ಕಾಯಿಲೆ, ರಕ್ತದೊತ್ತಡದ ತಿಂಗಳ ಮಾತ್ರೆಗಳಿಗೆ, ದಾಖಲಾಗದೆ ಮಾಡಿಸುವ ಸ್ಕ್ಯಾನ್‌ಗಳಿಗೆ ಇಲ್ಲಿ ಹಣವಿಲ್ಲ. ಮಾತ್ರೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಪಡೆಯಬೇಕು.

ಇಷ್ಟೆಲ್ಲ ಕೊರತೆ ಪಟ್ಟಿ ಮಾಡಿದರೂ ಇಂಥ ಯೋಜನೆ ಜೀವ ಉಳಿಸುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಗಟ್ಟಿ ಸಾಕ್ಷ್ಯವಿದೆ. ವಾಜಪೇಯಿ ಆರೋಗ್ಯಶ್ರೀ ಮೊದಲು ಉತ್ತರದ ಜಿಲ್ಲೆಗಳಲ್ಲಿ ಮಾತ್ರ ಜಾರಿಯಾಗಿದ್ದಾಗ, ಗಡಿರೇಖೆಯ ಈಚೆ–ಆಚೆಯ ಹಳ್ಳಿಗಳ ಬಡ ಕುಟುಂಬಗಳನ್ನು ಹೋಲಿಸಿ ನಡೆದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆ ಇದ್ದ ಕಡೆ, ಅದರ ವ್ಯಾಪ್ತಿಯ ಕಾಯಿಲೆಗಳಿಂದಾದ ಸಾವು ಶೇ 64ರಷ್ಟು ಕಡಿಮೆ, ಆಸ್ಪತ್ರೆಗೆ ಕೈಯಿಂದ ಹಾಕಿದ ಹಣ ಶೇ 34ರಷ್ಟು ಕಡಿಮೆ. ಆಗ ಹಳ್ಳಿಗಳಲ್ಲೇ ಶಿಬಿರ ನಡೆಸಿ ರೋಗಿಗಳನ್ನು ಗುರುತಿಸುತ್ತಿದ್ದರು, ಆರೋಗ್ಯಮಿತ್ರರು ದಾರಿ ತೋರಿಸುತ್ತಿದ್ದರು. ಆ ಶಿಬಿರಗಳು ಮತ್ತೆ ಬರಬೇಕು, ಪ್ರತಿ ರೆಫರಲ್ ಕೋಡ್ ಸಮೇತ ಆನ್‌ಲೈನ್‌ನಲ್ಲೇ ಆಸ್ಪತ್ರೆಗೆ ತಲುಪಬೇಕು.

ದೂರು ಕೊಡುವ ಸಂದರ್ಭ ಬಂದರೆ ಡಿಸ್ಚಾರ್ಜ್‌ವರೆಗೆ ಕಾಯಬೇಡಿ. ಹಣ ಕೇಳಿದ ಕೂಡಲೇ ರಸೀದಿ ಕೇಳಿ, ‘ಯಾವ ಕಾರಣಕ್ಕೆ’ ಎಂದು ಬರೆದುಕೊಡಲು ಹೇಳಿ. ಬಹಳ ಸಲ ಬೇಡಿಕೆ ಅಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೆ ಆರೋಗ್ಯಮಿತ್ರರಿಗೆ ತಿಳಿಸಿ, 104 ಅಥವಾ ಟ್ರಸ್ಟ್‌ನ 1800 425 8330ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ, ಜಿಲ್ಲಾ ಆರೋಗ್ಯ ಅಧಿಕಾರಿಗೆ ಲಿಖಿತ ದೂರು ಕೊಡಿ. ದೂರಿನಲ್ಲಿ ಇರಬೇಕಾದದ್ದು ರೋಗಿಯ ಕಾರ್ಡ್ ಸಂಖ್ಯೆ, ಆಸ್ಪತ್ರೆಯ ಹೆಸರು, ದಾಖಲಾದ ದಿನಾಂಕ, ಪೂರ್ವಾನುಮತಿ ಸಂಖ್ಯೆ, ಕೇಳಿದ ಮೊತ್ತ, ಕಟ್ಟಿದ ಮೊತ್ತದ ರಸೀದಿ ಅಥವಾ ಯುಪಿಐ ದಾಖಲೆ. ನಗದಿನಲ್ಲಿ ಕೊಟ್ಟು ರಸೀದಿ ಇಲ್ಲದ ಹಣವನ್ನು ಹಿಂದಕ್ಕೆ ಪಡೆಯುವುದು ತೀರಾ ಕಷ್ಟ, ಹಾಗಾಗಿ ಕೊಡಲೇಬೇಕಾಗಿ ಬಂದರೂ ಯುಪಿಐನಲ್ಲಿ, ಆಸ್ಪತ್ರೆಯ ಖಾತೆಗೇ ಕೊಡಿ.